ಎಡಗಡೆಯ ಸ್ಟಿಯರಿಂಗ್

ಇಪ್ಪತ್ತೆರಡು ವರ್ಷ ನಾನು ಕಾರಿನ ಎಡಗಡೆ ಕೂತವಳು. ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲು. ಕಲಿಯುವವರು ಬಲಗಡೆ ಸ್ಟಿಯರಿಂಗ್ ಹಿಡಿದು ಕೂಡುತ್ತಾರೆ, ಕಲಿಸುವ ನಾನು ಎಡಗಡೆ. ನನ್ನ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಸ್ಟಿಯರಿಂಗ್ ಮಾತ್ರ ಇರುವುದಿಲ್ಲ. ಕಾಲೇಜಿನ ಮೇಡಂ ಆಗಲಿ, ಬ್ಯಾಂಕಿನ ಮ್ಯಾನೇಜರ್ ಆಗಲಿ, ರಸ್ತೆಯ ಮೇಲೆ ಎಮ್ಮೆ ಕಂಡರೆ ಎರಡೂ ಕೈ ಬಿಟ್ಟು "ಅಕ್ಕೋರ!" ಎಂದು ಕೂಗುವವರೇ. ಆಗ ಕ್ಲಚ್ ಒತ್ತುವವಳು ನಾನು. ಊರವರ ಹೆದರಿಕೆಯನ್ನೆಲ್ಲ ಹೀಗೆ ಒತ್ತಿ ಒತ್ತಿ ನನ್ನ ಎಡ ಮೊಣಕಾಲು ಸವೆದುಹೋಯಿತು.

2002ರ ಬೇಸಿಗೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದರು. "ನವೆಂಬರ್ ಹನ್ನೊಂದಕ್ಕ ಆಪರೇಶನ್ ಮಾಡೋಣು. ಆಮ್ಯಾಲೆ ಕ್ಲಚ್ ಇರೋ ಗಾಡಿ ಮರ್ತುಬಿಡ್ರಿ, ಎಡಿತ್ ಬಾಯಾರ."

"ಅಲ್ಲೀತನಕ ಒತ್ತಬಹುದೇನ್ರಿ?"

"ಕಡಿಮಿ ಒತ್ತಿದಷ್ಟು ಛಲೋ."

ಸ್ಕೂಲನ್ನು ಬೇರೆಯವರಿಗೆ ಬಿಟ್ಟುಕೊಡುವ ಮಾತಾಯಿತು. ಅತ್ತು ಕೂಡುವ ಸ್ವಭಾವ ನನ್ನದಲ್ಲ. ಆದರೂ ಒಂದು ವಿಷಯ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಸಂಜೆ ಮನೆಗೆ ಹೋಗುವಾಗ ಬಲಗಡೆ ಕೂತು ಓಡಿಸುತ್ತಿದ್ದೆ, ನಿಜ. ಆದರೆ ದಿನಕ್ಕೆ ಹತ್ತು ತಾಸು ಕೂತ, ನನ್ನ ಬೆನ್ನಿನ ಗುರುತು ಬಿದ್ದ ಸೀಟು ಎಡಗಡೆಯದು. ಆ ಸೀಟಿನಲ್ಲಿ ಕೂತು ಗಾಡಿಯನ್ನು ನಿಲ್ಲಿಸಿದ್ದೇನೆಯೇ ಹೊರತು ಒಂದು ದಿನವೂ ಓಡಿಸಿದ್ದಿಲ್ಲ.

ಜುಲೈಯಲ್ಲಿ ಸಂಬಂಧಿಕರ ಮದುವೆಗೆಂದು ಗೋವಾಕ್ಕೆ ಹೋದೆವು, ನಾನು ಮತ್ತು ನನ್ನ ತಮ್ಮ ವರಪ್ರಸಾದ. ನಾವು ಇಳಿದುಕೊಂಡ ಹೋಟೆಲು ಮುಚ್ಚುವುದರಲ್ಲಿತ್ತು. ಮಾಲೀಕ ಮಂಚ, ಕುರ್ಚಿ ಎಲ್ಲ ಮಾರುತ್ತಿದ್ದ. ಹಿತ್ತಿಲ ಶೆಡ್ಡಿನಲ್ಲಿ ತಾಡಪತ್ರಿ ಹೊದಿಸಿದ್ದು ಏನೆಂದು ಕೇಳಿದರೆ ಎಳೆದು ತೋರಿಸಿದ. ಕೆಂಪು ಕಾರು, ಇಟಲಿಯದು, ಎರಡೇ ಸೀಟು. ನನ್ನ ಸೊಂಟದಷ್ಟೂ ಎತ್ತರವಿಲ್ಲ. ಯಾರೋ ಪರದೇಶದವನು ತಂದು, ಈ ಮಾಲೀಕನಿಗೆ ಮಾರಿ ಹೋಗಿದ್ದನಂತೆ. ಬಗ್ಗಿ ಒಳಗೆ ನೋಡಿದೆ. ಸ್ಟಿಯರಿಂಗ್ ಎಡಗಡೆ ಇತ್ತು.

ವರಪ್ರಸಾದ ಪಿಸುಗುಟ್ಟಿದ. "ಅಕ್ಕಾ, ಮುಖ ಆ ಕಡೆ ತಿರುಗಸು. ನಿನ್ನ ಕಣ್ಣು ನೋಡಿದ್ರ ಅಂವ ರೇಟ್ ಏರಸ್ತಾನ."

ಹಳೆಯ ಗಾಡಿ ಕೊಳ್ಳುವುದರಲ್ಲಿ ನಾನೇನೂ ಹೊಸಬಳಲ್ಲ. ಮೀಟರನ್ನು ತಿರುಗಿಸಿ ಇಡುವವರಿದ್ದಾರೆ. ಆದರೆ ಪೆಡಲಿನ ರಬ್ಬರ್ ಸವೆದದ್ದನ್ನು ಬಚ್ಚಿಡಲು ಆಗುವುದಿಲ್ಲ. ಇದರ ಮೀಟರು ಹದಿನೆಂಟು ಸಾವಿರ ತೋರಿಸುತ್ತಿತ್ತು, ಪೆಡಲಿನ ರಬ್ಬರಿನ ಗೆರೆಗಳು ಹೊಸದರಂತಿದ್ದವು. ಆರು ವರ್ಷದಿಂದ ರಸ್ತೆಗೇ ಇಳಿದಿಲ್ಲ ಎಂದ ಮಾಲೀಕ. ಓಡದ ಗಾಡಿ, ಸವೆಯದ ಗಾಡಿ ಎಂದು ಒಳಗೊಳಗೇ ನಕ್ಕೆ. ಟೈರು ಸೀಳಿದ್ದರಿಂದ ಓಡಿಸಿ ನೋಡಲಾಗಲಿಲ್ಲ. ಬೇರೆ ಬ್ಯಾಟರಿ ಹಚ್ಚಿ ಎಂಜಿನ್ ಚಾಲೂ ಮಾಡಿದಾಗ ಆ ಸದ್ದು ನನ್ನ ಬೆನ್ನ ಹುರಿಯಲ್ಲಿ ಹತ್ತಿ ಬಂತು. ನನ್ನ ಒಂದು ತರಬೇತಿ ಕಾರು ಮಾರಿ, ಇದನ್ನು ಕೊಂಡು ಲಾರಿಯ ಮೇಲೆ ಹೇರಿಸಿದೆ.

ಹಳೇ ಹುಬ್ಬಳ್ಳಿಯ ಮಕಬೂಲಸಾಬರು ನನ್ನ ಗಾಡಿಗಳನ್ನೆಲ್ಲ ನೋಡಿಕೊಂಡ ಮೇಸ್ತ್ರಿ, ಅರವತ್ತೈದು ದಾಟಿದವರು. ಲಾರಿಯಿಂದ ಇಳಿದ ಕಾರನ್ನು ಒಂದು ಸುತ್ತು ಹಾಕಿ ನೋಡಿದರು.

"ಅಕ್ಕೋರ, ಇದನ್ನ ನಿಂತು ಮಾಡಾಕ ಬರೂದಿಲ್ಲ, ಕುಂತು ಮಾಡಾಕೂ ಬರೂದಿಲ್ಲ. ಮಕ್ಕೊಂಡ ಮಾಡಬೇಕು."

"ಮಕ್ಕೊಳ್ರಿ ಕಾಕಾ. ನಿದ್ದಿ ಮಾಡಬ್ಯಾಡ್ರಿ ಅಷ್ಟ."

ಅವರು ಕ್ಲಚ್ ಒತ್ತಿ ನೋಡಿದರು. ಪೆಡಲು ನೆಲಕ್ಕೆ ಹೋಗಿ ಅಲ್ಲೇ ಉಳಿಯಿತು. ಮತ್ತೊಂದು ತಾಸಿನಲ್ಲಿ ಎಂಜಿನ್ನಿನ ಕೆಳಗೆ ಪೆಟ್ರೋಲು ಸೋರತೊಡಗಿತು. ಸೀಟಿನ ಹಿಂದೆಯೇ ಈ ಕಾರಿನ ಎಂಜಿನ್ನು, ಮೇಲೆ ಸೀಳು ಸೀಳಾದ ಮುಚ್ಚಳ. ಮಕಬೂಲಸಾಬರು ಅದನ್ನೆತ್ತಿ ಒಂದು ರಬ್ಬರ್ ಪೈಪನ್ನು ಬೆರಳಲ್ಲಿ ಹಿಚುಕಿದರು. ಪುಡಿಯಾಯಿತು.

"ಎಷ್ಟ ವರ್ಷ ನಿಂತಿತ್ರಿ?"

"ಆರು."

"ಹಂಗಾರ ಒಳಗಿನ ರಬ್ಬರ್ ಎಲ್ಲಾ ಹಪ್ಪಳ. ಓಡಿದ್ರ ಎಣ್ಣಿ ಆಡತೈತಿ, ಮೆತ್ತಗ ಇರತೈತಿ. ಅಲ್ರಿ ಅಕ್ಕೋರ, ಮೇ ತಿಂಗಳ ಸೂಟಿಯೊಳಗ ಸ್ಕೂಲ್ ಗಾಡಿ ನಿಂದ್ರಸಬ್ಯಾಡ್ರಿ, ದಿನಾ ಒಂದೀಟು ಚಾಲೂ ಮಾಡ್ರಿ ಅಂತ ನನಗ ಹೇಳಾವರು ನೀವ ಅಲ್ಲೇನು?"

ನಾನೇ ಹೌದು. ಬೇರೆಯವರಿಗೆ ಹೇಳಿದ ಮಾತು ನನಗೇ ನೆನಪಾಗಲಿಲ್ಲ, ಎಡಗಡೆಯ ಆ ಸ್ಟಿಯರಿಂಗ್ ಕಂಡದ್ದೇ ತಡ ಬುದ್ಧಿ ಸೂಟಿಗೆ ಹೋಗಿತ್ತು. "ಬೈಯೋದು ಮುಗೀತೇನ್ರಿ? ಮುಗದಿದ್ರ ಕೆಲಸಾ ಹಿಡೀರಿ. ನವೆಂಬರ್ ಹನ್ನೊಂದರೊಳಗ ನಾ ಇದನ್ನ ಓಡಸಬೇಕು, ನನ್ನ ಕಾಲಿಲೆ."

"ನನ್ನ ಶೆಡ್ಡಿನಿಂದ ತಳ್ಳಿಕೊಂಡು ಹೋದ ಗಾಡಿ ಇನ್ನೂತನಕ ಒಂದೂ ಇಲ್ಲ," ಎಂದರು ಅವರು, ನನಗಲ್ಲ, ಕಾರಿಗೆ ಹೇಳಿದಂತೆ.

ಪೈಪುಗಳಿಗೆ ಲಾರಿಯ ಪೈಪನ್ನೇ ಕತ್ತರಿಸಿ ಹಾಕಿದರು. ಪೆಟ್ರೋಲ್ ಟಾಕಿಯನ್ನು ಇಳಿಸಿ, ಒಳಗೆ ಜಲ್ಲಿಕಲ್ಲು ಹಾಕಿ ಅಲುಗಾಡಿಸಿ ತುಕ್ಕು ತೆಗೆದರು. ಕ್ಲಚ್ಚಿನ ಸಣ್ಣ ರಬ್ಬರ್ ಬಳೆ ಎಲ್ಲಿಯೂ ಸಿಗಲಿಲ್ಲ. ಟ್ರ್ಯಾಕ್ಟರಿನದನ್ನು ತಂದು ಉಜ್ಜಿ ಸಣ್ಣದು ಮಾಡಿದರು. ಎರಡು ಸಲ ಸೋರಿತು, ಮೂರನೆಯದು ನಿಂತಿತು. ಒಂದು ಸರಿಯಾಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಾಯಿ ಬಿಡುತ್ತಿತ್ತು. ಎಂಜಿನ್ನಿನ ಬೆಲ್ಟು ಮುಂಬೈಯಿಂದ ಬರುವ ಹೊತ್ತಿಗೆ ಸೆಪ್ಟೆಂಬರ್ ಮುಗಿದಿತ್ತು, ನಾನು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದ್ದೆ.

ಮಹಾನವಮಿಯ ಹಿಂದಿನ ದಿನ ಕಾರು ತಯಾರಾಯಿತು. ಹಬ್ಬ ಮುಗಿದ ಮರುದಿನ ಓಡಿಸುವುದೆಂದು ಗೊತ್ತು ಮಾಡಿದೆವು. ಹಬ್ಬದ ದಿನ ಪೇಡೆ ತೆಗೆದುಕೊಂಡು ಶೆಡ್ಡಿಗೆ ಹೋದೆ.

ಶೆಡ್ಡಿನ ಪಕ್ಕದಲ್ಲೇ ಮಹಾಂತಯ್ಯನವರ ಅಂಗಡಿ. ಸುಟ್ಟ ಪಂಪಿನ ಮೋಟರುಗಳಿಗೆ ತಂತಿ ಸುತ್ತುವ ಕೆಲಸ ಅವರದು. ಇಬ್ಬರದೂ ಒಂದೇ ಅಂಗಳ. ಪ್ರತಿ ವರ್ಷ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಮಹಾಂತಯ್ಯನವರು ತಮ್ಮ ಸಾಮಾನಿನ ಜೊತೆ ಮಕಬೂಲಸಾಬರ ಪಾನಾ, ಜ್ಯಾಕು, ಅಂಗಳದಲ್ಲಿ ನಿಂತ ಗಾಡಿ, ಎಲ್ಲವನ್ನೂ ತೊಳೆದು ವಿಭೂತಿ ಬಳಿಯುತ್ತಿದ್ದರು. ಮಕಬೂಲಸಾಬರು ಕಾಯಿ ಒಡೆಯಲು ಬಂದು ನಿಲ್ಲುತ್ತಿದ್ದರು. ಇಪ್ಪತ್ತು ವರ್ಷದ ರೂಢಿ.

ಕಾರು ಫಳಫಳ ಹೊಳೆಯುತ್ತಿತ್ತು. ಮೂತಿಗೆ ಚೆಂಡುಹೂವಿನ ಮಾಲೆ, ಮೂರು ಬೆರಳಿನ ವಿಭೂತಿ. ಮಹಾಂತಯ್ಯನವರು ಖುಷಿಯಿಂದ, "ಅಕ್ಕೋರ, ನಿಮ್ಮ ಗಾಡಿಗೆ ಎಲ್ಲಾರಕಿಂತ ಜಾಸ್ತಿ ಸೇವಾ ಮಾಡೇನಿ. ಹಿಂದಿನ ಡಿಕ್ಕಿ ಮ್ಯಾಲೆ ಭಾಳ ಧೂಳ ಇತ್ತು, ಮೂರು ಬಕೇಟ ಸುರುವಿ ತಿಕ್ಕಿದೆ," ಎಂದರು.

ಮಕಬೂಲಸಾಬರ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. "ಯಾ ಡಿಕ್ಕಿರಿ ಅಯ್ಯಾರ?"

"ಅದ... ಸೀಳ ಸೀಳ ಐತೆಲ್ಲ."

ಮುಚ್ಚಳ ಎತ್ತಿದೆವು. ಎಂಜಿನ್ನಿನ ತಗ್ಗುಗಳಲ್ಲಿ ನೀರು ನಿಂತು, ಒಂದೆರಡು ಹೂವಿನ ಎಸಳು ತೇಲುತ್ತಿದ್ದವು. ಕೀಲಿ ತಿರುವಿದರೆ ಸ್ಟಾರ್ಟರ್ ಗಿರ್ರೆಂದಿತು, ಎಂಜಿನ್ ಹತ್ತಲಿಲ್ಲ. ಸ್ಪಾರ್ಕ್ ಕೊಡುವ ಕರಿ ಡಬ್ಬಿ ಬಗ್ಗಿಸಿದರೆ ಒಳಗಿನಿಂದ ನೀರು ಸುರಿಯಿತು.

"ಮೂರು ತಿಂಗಳು ಮಕ್ಕೊಂಡ ಮಾಡೇನ್ರೀ!" ಎಂದು ಮಕಬೂಲಸಾಬರು ಕೂಗಿದರು. ಮಹಾಂತಯ್ಯನವರು ಬಕೇಟು ಹಿಡಿದುಕೊಂಡೇ ನಿಂತಿದ್ದರು, ಇಳಿಸಲೂ ತಿಳಿಯದೆ.

ನನಗೂ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಗಾಡಿಯನ್ನು ಗೋಡೆಗೆ ಗುದ್ದಿದ ಮೇಲೆ ಕಲಿಯುವವರನ್ನು ಬೈದರೆ ಅವರು ಮರುದಿನ ಬರುವುದಿಲ್ಲ ಎಂಬುದು ನನಗೆ ಗೊತ್ತು. ಪೇಡೆಯ ಡಬ್ಬಿ ತೆಗೆದು ಇಬ್ಬರ ಮುಂದೂ ಹಿಡಿದೆ. "ಮೊದಲ ಬಾಯಿ ಸೀ ಮಾಡ್ರಿ. ಆಮ್ಯಾಲೆ ನೋಡೋಣು."

ಹೊಸ ಡಬ್ಬಿಗೆ ಮುಂಬೈಗೆ ಫೋನು ಮಾಡಿದೆವು. ಇಟಲಿಯಿಂದ ಬರಬೇಕು, ಹತ್ತು ವಾರ ಎಂದರು. ನನ್ನ ಹತ್ತಿರ ನಾಲ್ಕೇ ವಾರ ಉಳಿದಿತ್ತು.

ವರಪ್ರಸಾದ ಅಂದ, "ಅಕ್ಕಾ, ಆಪರೇಶನ್ ಮುಂದ ಹಾಕು, ಇಲ್ಲಾ ಗಾಡಿ ಮಾರು. ಎರಡರಾಗ ಒಂದು."

"ಮುಂದ ಹಾಕಿದ್ರ ಈ ಕಾಲು ಕಾಯೂದಿಲ್ಲ. ಮಾರಿದ್ರ ನನ್ನ ಜೀವ ತಡಿಯೂದಿಲ್ಲ. ಮೂರನೇದು ಏನರ ಇದ್ರ ಹೇಳು."

ಮೂರನೆಯದನ್ನು ಹೇಳಲು ಮರುದಿನ ಮುಂಜಾನೆ ಮಹಾಂತಯ್ಯನವರೇ ಸಪ್ತಾಪುರಕ್ಕೆ ಬಂದರು. ಬಾಗಿಲ ಹೊರಗೇ ನಿಂತು, "ಅಕ್ಕೋರ, ಆ ಡಬ್ಬಿ ನನಗ ಕೊಡ್ರಿ," ಎಂದರು. "ಬಾವ್ಯಾಗ ಎಂಟ ದಿನಾ ಮುಳುಗಿದ ಮೋಟರ್ ಒಣಗಿಸಿ ಓಡಿಸೇನಿ. ಇದು ಮೂರ ಬಕೇಟ ನೀರು."

"ಇದು ಪಂಪ್ ಅಲ್ರಿ ಅಯ್ಯಾರ."

"ತಾಮ್ರದ ತಂತಿ ಹೌದಲ್ರಿ? ತಂತಿಗೆ ಇಟಲಿ, ನಮ್ಮೂರ ಬೆಂಗೇರಿ ಅಂತ ಗೊತ್ತಿರತೈತೇನು?"

ಒಳಗೆ ಕರೆದು ಚಹಾ ಕೊಟ್ಟೆ. ಡಬ್ಬಿಯನ್ನೂ ಕೊಡಿಸಿದೆ.

ಅವರ ಅಂಗಡಿಯಲ್ಲಿ ತಗಡು ಹೊಡೆದ ಒಂದು ಕಟ್ಟಿಗೆ ಪೆಟ್ಟಿಗೆ ಇತ್ತು. ಒಳಗೆ ಎರಡು ದೊಡ್ಡ ಬಲ್ಬು ಉರಿಯುತ್ತವೆ, ತೊಯ್ದ ಮೋಟರನ್ನು ಅದರೊಳಗಿಟ್ಟು ದಿನಗಟ್ಟಲೆ ಒಣಗಿಸುತ್ತಾರೆ. ಬಿಸಿ ಹೆಚ್ಚಾದರೆ ತಂತಿಯ ಮೇಲಿನ ಬಣ್ಣ ಸುಡುತ್ತದೆ, ಕಡಿಮೆಯಾದರೆ ನೀರು ಬಿಡುವುದಿಲ್ಲ. ಕೈ ಒಳಗಿಟ್ಟು ಇಪ್ಪತ್ತು ಎಣಿಸುವ ತನಕ ತಾಳಿದರೆ ಹದ ಸರಿ. ಕರೆಂಟು ಹೋದಾಗ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಬಾಣಂತಿಯ ಕೋಣೆ ಕಾಯ್ದಂತೆ ಕಾಯುತ್ತಿದ್ದರು. ಆರು ದಿನದ ಮೇಲೆ ಡಬ್ಬಿ ಜೋಡಿಸಿದರು. ಎಂಜಿನ್ ಹತ್ತಲಿಲ್ಲ. ಮತ್ತೆ ಇಳಿಸಿ, ಅರಗಿನಂತಹ ಕಪ್ಪು ಮೇಣವನ್ನು ಬಿಸಿ ಮಾಡಿ ಸುಲಿದು, ಭೂತಗನ್ನಡಿ ಹಿಡಿದು ಹುಡುಕಿದರು. ಒಂದು ಬೆಸುಗೆ ಹಸಿರುಗಟ್ಟಿತ್ತು. ಅದನ್ನು ತೆಗೆದು ಹೊಸ ಬೆಸುಗೆ ಇಟ್ಟರು. ಈ ಸಲ ಎಂಜಿನ್ ಹತ್ತಿತು, ಆದರೆ ಅರ್ಧ ಮಾತ್ರ. ಕುಂಟುತ್ತ ಕೆಮ್ಮಿ ನಿಂತಿತು.

"ಅರ್ಧ ಬಂತಲ್ಲ," ಎಂದರು ಮಕಬೂಲಸಾಬರು. ಅಷ್ಟು ದಿನದ ಮೇಲೆ ಮಹಾಂತಯ್ಯನವರ ಜೊತೆ ಅವರಾಡಿದ ಮೊದಲ ಮಾತು ಅದು. "ಇನ್ನರ್ಧ ನನ್ನ ಕಡೆ ಇರಬೇಕು, ಅಯ್ಯಾರ." ಅವರು ಪ್ಲಗ್ಗಿನ ತಂತಿಗಳನ್ನೆಲ್ಲ ಬಿಚ್ಚಿದರು. ನಾಲ್ಕರಲ್ಲಿ ನೀರು ಕುಡಿದ ಗುರುತು. ಅವು ಕೂಡ ಬಲ್ಬಿನ ಪೆಟ್ಟಿಗೆ ಸೇರಿದವು.

ಈ ನಡುವೆ ನಾನೂ ಸುಮ್ಮನೆ ಕೂತಿರಲಿಲ್ಲ. ಇಟಲಿಯ ಕ್ಲಚ್ಚು ಕಲ್ಲಿನಂತಿತ್ತು. ಎಷ್ಟು ಸಲ ಒತ್ತಬಲ್ಲೆ ಎಂದು ನಿಂತ ಕಾರಿನಲ್ಲೇ ಕೂತು ನೋಡಿದೆ. ಇಪ್ಪತ್ತೈದಕ್ಕೆ ಕಾಲು ನಡುಗಿತು. ಸ್ಕೂಲಿನ ಮಾರುತಿ ಕಾರಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಎರಡೂ ದಾರಿಯಲ್ಲಿ ಓಡಿಸಿ, ಎಷ್ಟು ಸಲ ಕ್ಲಚ್ ಒತ್ತಬೇಕಾಗುತ್ತದೆಂದು ಎಣಿಸಿದೆ. ಉಣಕಲ್, ನವನಗರದ ಹಳೇ ರಸ್ತೆಗೆ ನೂರಾ ನಲವತ್ತಾರು ಸಲ. ಬೈಪಾಸಿನಲ್ಲಿ, ನಸುಕಿನಲ್ಲಿ ಹೊರಟರೆ, ನರೇಂದ್ರ ಕ್ರಾಸಿನವರೆಗೆ ಹತ್ತೊಂಬತ್ತು.

ನವೆಂಬರ್ ಏಳಕ್ಕೆ ಎಂಜಿನ್ ಪೂರ್ತಿ ಹತ್ತಿತು. ಎರಡು ದಿನ ಚಾಲೂ ಮಾಡಿ, ಆರಿಸಿ, ಮತ್ತೆ ಚಾಲೂ ಮಾಡಿ ನೋಡಿದೆವು. ಹತ್ತನೆಯ ತಾರೀಕು ಭಾನುವಾರ. ಚರ್ಚಿಗೆ ಬರಲಾಗುವುದಿಲ್ಲವೆಂದು ದೇವರಿಗೆ ಶನಿವಾರವೇ ಹೇಳಿದ್ದೆ.

ಮಹಾಂತಯ್ಯನವರು ಶೆಡ್ಡಿನ ಬಾಗಿಲಲ್ಲಿ ಕೈ ಕಟ್ಟಿ ನಿಂತರು. ಮಕಬೂಲಸಾಬರು ಬಲಗಡೆ ಕೂತರು. ನಾನು ನನ್ನ ಜಾಗದಲ್ಲಿ ಕೂತೆ. ಎರಡೂ ಕೈಯಿಂದ ತೊಡೆ ಅದುಮಿ ಕ್ಲಚ್ ಒತ್ತಿದೆ. ಒಂದು.

ಗಬ್ಬೂರು ದಾಟಿ ಬೈಪಾಸು ಹಿಡಿಯುವಷ್ಟರಲ್ಲಿ ಏಳಾಗಿತ್ತು. ನಾಲ್ಕನೇ ಗೇರಿಗೆ ಬಂದ ಮೇಲೆ ಕಾಲಿಗೆ ಕೆಲಸವಿರಲಿಲ್ಲ. ಎಂಜಿನ್ನಿನ ಸದ್ದು ಬೆನ್ನಿಗೆ ಒರಗಿ ಹಾಡುತ್ತಿತ್ತು. ಮುಂದೊಂದು ಹತ್ತಿಯ ಲಾರಿ. ಎಡಗಡೆ ಕೂತ ನನಗೆ ಲಾರಿಯಾಚೆ ಎದುರಿನಿಂದ ಬರುವ ಗಾಡಿ ಕಾಣುವುದಿಲ್ಲ, ಅದು ಮಕಬೂಲಸಾಬರಿಗೆ ಕಾಣಬೇಕು. ಇಪ್ಪತ್ತೆರಡು ವರ್ಷ ಕಲಿಯುವವರು ನನ್ನ ಮಾತು ನಂಬಿ ಹೋದಂತೆ ನಾನೀಗ ಅವರ ಮಾತು ನಂಬಬೇಕಿತ್ತು.

"ಕಾಕಾ, ಹೇಳ್ರಿ."

"ತಡೀರಿ... ಬಸ್ ಬರಾಕತ್ತೈತಿ... ಹಾಂ, ಹೋಗ್ರಿ!"

ಹೋದೆ. ಲಾರಿ ಎಲ್ಲಿ ಉಳಿಯಿತೋ ನೋಡಲಿಲ್ಲ. ಮಕಬೂಲಸಾಬರ ಬಲಗಾಲು ನೆಲವನ್ನು ಒತ್ತುತ್ತಲೇ ಇತ್ತು.

"ಕಾಕಾ, ಆ ಕಡೆ ಬ್ರೇಕ್ ಇಲ್ಲ."

"ನನಗ ಗೊತ್ತೈತ್ರಿ. ಕಾಲಿಗೆ ಗೊತ್ತಿಲ್ಲ."

ಟೋಲಿನವನು ಬಲಗಡೆಯ ಕಿಟಕಿಗೆ ಬಗ್ಗಿ ಮಕಬೂಲಸಾಬರಿಗೆ ಚೀಟಿ ಕೊಟ್ಟು, ಅವರ ಮುಂದೆ ಸ್ಟಿಯರಿಂಗ್ ಕಾಣದೆ ಬಾಯಿ ತೆರೆದ. "ಡ್ರೈವರ್ ಎಲ್ಲಿ ಅದಾರ್ರಿ?"

"ಆ ಕಡೆ ನೋಡಪಾ. ನಮ್ಮ ಅಕ್ಕೋರು."

ನರೇಂದ್ರ ಕ್ರಾಸಿಗೆ ಹತ್ತೊಂಬತ್ತಲ್ಲ, ಇಪ್ಪತ್ತಮೂರಾಯಿತು. ಎರಡು ಎಮ್ಮೆ ಅಡ್ಡ ಬಂದವು. ನಾನು ಕೈ ಬಿಡಲಿಲ್ಲ. ಗಾಡಿ ಬದಿಗೆ ಹಚ್ಚಿ ನಿಲ್ಲಿಸಿ, ಕೆಳಗಿಳಿಯಲು ಆಗದೆ ಅಲ್ಲೇ ಕೂತೆ. ಮೊಣಕಾಲು ಊದಿ ಸೀರೆ ಬಿಗಿಯಾಗಿತ್ತು.

"ತಿರುಗಿ ನಾ ಹೊಡೀಲೇನ್ರಿ?" ಎಂದರು ಮಕಬೂಲಸಾಬರು ಮೆಲ್ಲಗೆ.

"ಹೊಡೀರಿ. ಆದ್ರ ಒಂದು ಮಾತು. ಗಾಡಿ ನಿಂದ್ರಸಂಗಿಲ್ಲ. ಪ್ರತಿ ಐತವಾರ ಹೊರಗ ತಗೀಬೇಕು."

ಆಪರೇಶನ್ ಆಗಿ ಎಂಟನೆಯ ದಿನ ಅವರಿಬ್ಬರೂ ಆಸ್ಪತ್ರೆಗೆ ಬಂದರು. "ಐತವಾರ ಉಣಕಲ್ ಕೆರಿತನಕ ಹೋಗಿ ಬಂದ್ವಿ, ಗಾಡಿ ಛಲೋ ಐತಿ," ಎಂದರು ಮಕಬೂಲಸಾಬರು. ಮಹಾಂತಯ್ಯನವರು ಹೊರಡಲು ಎದ್ದು, ಬಾಗಿಲ ಹತ್ತಿರ ತಿರುಗಿ ಕೇಳಿದರು.

"ಅಕ್ಕೋರ, ಬರೋ ವರ್ಷ ಪೂಜಿ ಮಾಡಲೋ ಬ್ಯಾಡೋ?"

"ಮಾಡ್ರಿ ಅಯ್ಯಾರ, ಬಿಡಬ್ಯಾಡ್ರಿ. ಹಸಿ ಬಟ್ಟಿಲೆ ಒರಸ್ರಿ. ಬಕೇಟು ಮಾತ್ರ ನನ್ನ ಕೈಯಾಗ ಕೊಡ್ರಿ."