ನಕ್ಷೆಯವರ ಮಾನಿಟರ್

ಹಸಿರು ದೀಪ ಉರಿಯುತ್ತಿದೆ, ಡಾಕಿನ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು, ಅಂದರೆ ಕರೆಂಟು ಬರುತ್ತಿದೆ, ಲ್ಯಾಪ್‌ಟಾಪ್ ಸಿಕ್ಕಿದೆ, ಮಾನಿಟರ್ ಎರಡೂ ಸಿಕ್ಕಿವೆ, ಎಲ್ಲ ನೆಟ್ಟಗಿದೆ, ಮತ್ತೆ ನಾನ್ಯಾಕೆ ಈ ಮೇಜಿನ ಕೆಳಗೆ ಮಂಡಿಯೂರಿ ಧೂಳು ಕುಡಿಯುತ್ತಿದ್ದೇನೆ — ಎದುರಿಗೆ ನಕ್ಷೆಯವರ ಬೂಟು, ಎಡಗಾಲಿನ ಲೇಸು ಬಿಚ್ಚಿದೆ, ಹೇಳಲಾ, ಬೇಡ, ಮಾನಿಟರ್ ನೋಡಲು ಬಂದವಳು ಬೂಟು ನೋಡುತ್ತಾಳೆ ಅಂದುಕೊಂಡಾರು. ಪಾಪದ ಡಾಕು, ಅಂಗೈಯಗಲದ ಕಪ್ಪು ಡಬ್ಬಿ, ಲ್ಯಾಪ್‌ಟಾಪಿನ ಒಂದು ವೈರು ಇದಕ್ಕೆ ಚುಚ್ಚಿದರೆ ಸಾಕು, ಪರದೆ, ಕೀಬೋರ್ಡು, ಮೌಸು ಎಲ್ಲವನ್ನೂ ಇದೇ ಸಂಭಾಳಿಸಬೇಕು, ತುಂಬಿದ ಮನೆಯ ಹಿರಿಸೊಸೆಯ ಹಾಗೆ, ಯಾರಿಗೆ ಏನಾದರೂ ಬೈಗುಳ ಇದಕ್ಕೇ, ಇದನ್ನೂ ಬದಲಿಸಿದ್ದಾಯಿತು, ವೈರು ಬದಲಿಸಿದ್ದಾಯಿತು, ಮಾನಿಟರನ್ನು ಮಗುವಿನ ಹಾಗೆ ಎತ್ತಿಕೊಂಡು ಕೆಳಗೆ ನನ್ನ ಕೋಣೆಗೆ ಒಯ್ದು ಇಡೀ ದಿನ ಉರಿಸಿದ್ದಾಯಿತು, ಒಂದು ಸಲ ಕಣ್ಣು ಮಿಟುಕಿಸಲಿಲ್ಲ ಮಹಾರಾಯ. ಆದರೆ ಇಲ್ಲಿಗೆ ತಂದಿಟ್ಟು ನಾನು ಮೆಟ್ಟಿಲಿಳಿಯುವುದೇ ತಡ, ಫೋನು, ಮೇಡಂ, ದೊಡ್ಡ ಪರದೆ ಮತ್ತೆ ಕಪ್ಪಾಯ್ತು, ಎರಡು ಕ್ಷಣ, ಆಮೇಲೆ ತಾನೇ ಬಂತು. ಯಾವಾಗ ಆಗುತ್ತೆ ಸರ್ ಅಂದರೆ ಕನ್ನಡಕ ಒರೆಸಿಕೊಳ್ಳುತ್ತಾರೆ, ಹೇಳೋದು ಕಷ್ಟ ಮೇಡಂ. ಈ ಮಹಡಿಯಲ್ಲಿ ನನ್ನನ್ನು ಮೇಡಂ ಅನ್ನುವುದು ಇವರೊಬ್ಬರೇ, ಉಳಿದವರಿಗೆಲ್ಲ ನಾನು ವೈರಮ್ಮ, ವೈರಮ್ಮಾ ನನ್ನ ಮೌಸ್ ಸತ್ತಿದೆ, ವೈರಮ್ಮಾ ಸ್ವಲ್ಪ ಬಾ. ಇವರು ಮಾತ್ರ ನಾನು ಬಾಗಿಲಲ್ಲಿ ಕಂಡಕೂಡಲೇ ಎದ್ದು ನಿಲ್ಲುತ್ತಾರೆ, ಕಟ್ಟಡಗಳ ನಕ್ಷೆ ಬಿಡಿಸುವ ದೊಡ್ಡ ಮನುಷ್ಯ, ಕುರ್ಚಿಯ ಬೆನ್ನಿಗೆ ಕೈಯಿಟ್ಟುಕೊಂಡು, ನಾನು ಕೆಲಸ ಮುಗಿಸಿ ಹೊರಡುವವರೆಗೂ ಕೂರುವುದಿಲ್ಲ, ಎಂಥ ಮರ್ಯಾದೆ. ಪಕ್ಕದ ಮೇಜಿನ ಟೈಪಿಸ್ಟ್ ಕೆಮ್ಮುತ್ತಾಳೆ, ಅವಳಿಗೆ ಯಾವ ಕೆಮ್ಮೂ ಇಲ್ಲ, ಮೊನ್ನೆ ಕಾಫಿ ಮಷೀನಿನ ಹತ್ತಿರ ಕಿವಿಯಲ್ಲಿ ಊದಿದಳು, ಒಂಟಿ ಮನುಷ್ಯ ಕಣೇ, ಪರದೆ ಕೆಟ್ಟಿದ್ಯೋ ಇನ್ನೇನು ಕೆಟ್ಟಿದ್ಯೋ. ಅಕ್ಕನಿಗೆ ಫೋನಲ್ಲಿ ಇದನ್ನೆಲ್ಲ ಹೇಳಿದ್ದು ನನ್ನದೇ ತಪ್ಪು, ನಲವತ್ತು ದಾಟಿದ ತಂಗಿಗೆ ಯಾರಾದರೂ ನೀರು ಕೊಟ್ಟರೂ ಅವಳು ಮದುವೆ ಛತ್ರ ಹುಡುಕುತ್ತಾಳೆ, ಲೇ ಪೆದ್ದಿ, ಕೆಡದೇ ಇರೋ ಮಾನಿಟರಿಗೆ ಇಷ್ಟು ಸಲ ಯಾರಾದ್ರೂ ಕರೀತಾರಾ. ನಾನೋ ನಕ್ಕು ಫೋನಿಟ್ಟೆ, ರಾತ್ರಿಯೆಲ್ಲ ಅದೇ ಮಾತು. ಇಷ್ಟು ವರ್ಷ ಎಷ್ಟು ಪರದೆ ನೋಡಿದೆನೋ, ಸತ್ತ ಪರದೆಯಲ್ಲಿ ಮೊದಲು ಕಾಣುವುದು ರಿಪೇರಿಯವಳ ಮುಖವೇ, ಕಪ್ಪು ಗಾಜಿನ ನಡುವೆ ಒಂದು ಮುಖ, ಕೂದಲು ಕೆದರಿ, ಹಣೆಗೆ ಧೂಳು ಮೆತ್ತಿ, ಒಂದೇ ಒಂದು. ಅದಕ್ಕೇ ನನಗೆ ಇದು ಕೆಟ್ಟಿರಬಾರದು. ರಿಪೇರಿಯವಳ ಬಾಯಲ್ಲಿ ಬರುವ ಮಾತಾ ಇದು, ಆದರೂ ಕೆಟ್ಟಿರಬಾರದು, ಕೆಟ್ಟಿಲ್ಲದಿದ್ದರೆ ಅವರು ಕರೆದದ್ದು ನನ್ನನ್ನು, ಕೆಟ್ಟಿದ್ದರೆ ವೈರಮ್ಮನನ್ನು. ಇವತ್ತಿಗೆ ಗೊತ್ತಾಗಲೇಬೇಕು, ಸೋಮವಾರ ನಕ್ಷೆ ವಿಭಾಗ ಹೊಸ ಕಟ್ಟಡಕ್ಕೆ ಹೋಗುತ್ತದೆ, ಅಲ್ಲಿ ರಿಪೇರಿಗೆ ಬೇರೆಯವರಿದ್ದಾರೆ, ನನ್ನ ಮೇಲಿನವರು ಬೆಳಿಗ್ಗೆಯೇ ಹೇಳಿದ್ದಾರೆ, ಆ ಮಾನಿಟರ್ ಪುರಾಣ ಇವತ್ತು ಮುಗಿಸಿಬಿಡಮ್ಮ.

ಮುಗಿಸುತ್ತೇನೆ, ಹೊರಗೆ ಬಂದೆ, ಬರುವಾಗ ಮೇಜಿನ ಅಂಚಿಗೆ ತಲೆ ಬಡಿಯಿತು, ಅಯ್ಯೋ ಜೋಪಾನ, ಅವರ ದನಿ, ಮಂಡಿ ಬೇರೆ ಹಿಡಿದುಕೊಂಡಿದೆ, ಮೇಜು ಹಿಡಿದು ಏಳಬೇಕಾಯಿತು, ಪರದೆ ನೋಡಿದರೆ ಝಗಮಗ, ಯಾವುದೋ ಮನೆಯ ನಕ್ಷೆ, ಅಡುಗೆಮನೆಗೆ ಎರಡು ಕಿಟಕಿ. ಏನೂ ಆಗಿಲ್ಲ ಸರ್, ಎಲ್ಲ ಸರಿಯಿದೆ ಅಂದೆ, ಅನ್ನುವಾಗ ಒಳಗೊಳಗೇ ಕುಣಿಯುವ ಹಾಗಾಯಿತು. ಅವರು ಕುರ್ಚಿಯನ್ನು ನನ್ನ ಕಡೆ ತಳ್ಳಿದರು, ಕೂತ್ಕೊಳ್ಳಿ ಮೇಡಂ, ಒಂದು ನಿಮಿಷ. ಇನ್ನೊಬ್ಬರ ಕುರ್ಚಿಯಲ್ಲಿ ನಾನು ಕೂರುವುದಿಲ್ಲ, ನನ್ನ ಕೆಲಸವೆಲ್ಲ ಮಂಡಿಯ ಮೇಲೆ, ಆದರೆ ನೋವು ಕೇಳಬೇಕಲ್ಲ, ಧೊಪ್ಪನೆ ಕೂತೆ — ಪರದೆ ಕಪ್ಪಾಯಿತು. ಮನೆ ಹೋಯಿತು, ಕಿಟಕಿ ಹೋಯಿತು, ಕಪ್ಪು ಗಾಜಿನಲ್ಲಿ ನನ್ನ ಮುಖ, ಬಾಯಿ ಬಿಟ್ಟುಕೊಂಡು. ಎರಡು ಕ್ಷಣ. ಮತ್ತೆ ಮನೆ ಬಂತು. ಎದ್ದೆ, ಕಪ್ಪು. ಕೂತೆ, ಕಪ್ಪು. ಕುರ್ಚಿ, ಇದು ಕುರ್ಚಿಯ ಕೆಲಸ, ಗ್ಯಾಸಿನ ಮೇಲೆ ಏಳುವ ಇಳಿಯುವ ಕುರ್ಚಿ, ಕೂತಾಗ ಎದ್ದಾಗ ಕಣ್ಣಿಗೆ ಕಾಣದ ಸಣ್ಣದೊಂದು ಕರೆಂಟು ಸಿಡಿಯುತ್ತದೆ, ಪಕ್ಕದ ವೈರು ಅದನ್ನು ಹಿಡಿದುಕೊಳ್ಳುತ್ತದೆ, ಪರದೆ ಬೆಚ್ಚಿ ಕಣ್ಣು ಮುಚ್ಚುತ್ತದೆ, ಎಲ್ಲೋ ಓದಿ ನಕ್ಕಿದ್ದೆ, ನನ್ನ ಕೈಗೇ ಸಿಕ್ಕಿತಲ್ಲ, ಶಭಾಷ್ ವೈರಮ್ಮ, ಶಭಾಷ್ — ಶಭಾಷ್ ಅನ್ನುವಾಗಲೇ ಹೊಳೆಯಿತು. ಕೆಟ್ಟಿದೆ. ನಿಜವಾಗಿಯೂ ಕೆಟ್ಟಿದೆ. ಪಾಪದ ಮನುಷ್ಯ ಸತ್ಯವನ್ನೇ ಹೇಳಿದ್ದಾರೆ, ಪರದೆಗಾಗಿ ಕರೆದಿದ್ದಾರೆ, ಅಕ್ಕನ ಮಾತು ಕಟ್ಟಿಕೊಂಡು ನಾನು ಹೊಸ ರವಿಕೆ ಹಾಕಿಕೊಂಡು ಬಂದು ಮೇಜಿನ ಕೆಳಗೆ ತೂರಿದೆ, ನಗು ಬಂತು, ನಗುವಿನ ಹಿಂದೆಯೇ ಇನ್ನೊಂದೂ ಬಂತು, ಅದನ್ನು ನುಂಗಿಕೊಂಡೆ. ಕುರ್ಚಿ ಸರ್, ಡಾಕೂ ಅಲ್ಲ ಮಾನಿಟರೂ ಅಲ್ಲ, ನಿಮ್ಮ ಕುರ್ಚಿ, ಬೇರೆ ಹಾಕಿಸಿದರೆ ಆಯಿತು. ಯಾರಾದರೂ ಬೆರಗಾಗಬೇಕು, ಹೌದಾ ಅನ್ನಬೇಕು, ಇವರು ಕನ್ನಡಕ ತೆಗೆದು ಒರೆಸುತ್ತಿದ್ದಾರೆ. ಗೊತ್ತು ಅಂದರು. ಗೊತ್ತಾ, ಯಾವಾಗಿಂದ. ನೀವು ಎರಡನೇ ಸಲ ಬಂದು ಹೋದ್ರಲ್ಲ, ಅವತ್ತು ಸಾಯಂಕಾಲದಿಂದ. ಟೈಪಿಸ್ಟಳ ಬೆರಳು ನಿಂತಿತು, ಕೆಮ್ಮೂ ಇಲ್ಲ. ಅವತ್ತಿನಿಂದ, ಅಂದರೆ ಡಾಕು ಬದಲಿಸುವ ಮೊದಲೇ, ಮಾನಿಟರ್ ಹೊತ್ತುಕೊಂಡು ಮೆಟ್ಟಿಲಿಳಿಯುವ ಮೊದಲೇ, ನಾನು ಬಾಗಿಲಲ್ಲಿ ಕಂಡರೆ ಎದ್ದು ನಿಲ್ಲುತ್ತಿದ್ದದ್ದು, ಕೊನೆಯವರೆಗೂ ಕೂರದೇ ಇದ್ದದ್ದು, ಕೂತರೆ ನನಗೆ ಗೊತ್ತಾಗಿಬಿಡುತ್ತದೆ ಅಂತ — ಮರ್ಯಾದೆ ಅಂದುಕೊಂಡಿದ್ದೆನಲ್ಲ, ಕಳ್ಳ, ಕನ್ನಡಕ ಹಾಕಿಕೊಂಡ ಕಳ್ಳ. ಮತ್ತೆ ಮೊದಲೇ ಹೇಳಬಾರದಿತ್ತಾ ಅಂದೆ, ದನಿ ಗದರಿಸುವ ಹಾಗೆ ಬರಬೇಕಿತ್ತು, ಬರಲಿಲ್ಲ. ಹೇಳಿದ್ರೆ ನೀವು ಮತ್ತೆ ಬರ್ತಿರ್ಲಿಲ್ಲ. ಸೋಮವಾರ ನಾನು ಇಲ್ಲಿರಲ್ಲ, ಅದಕ್ಕೇ ಇವತ್ತು ಕೂತ್ಕೊಳ್ಳಿ ಅಂದೆ. ಏನನ್ನಬೇಕು ಈಗ, ಅಕ್ಕನಿದ್ದಿದ್ದರೆ ತಿವಿಯುತ್ತಿದ್ದಳು, ಮಾತಾಡೇ, ಯಂತ್ರಗಳಿಗೆಲ್ಲ ಬಾಯಿಗೆ ಬಂದ ಹಾಗೆ ಬೈಯುವವಳು, ಮನುಷ್ಯರ ಮುಂದೆ ಬಾಯಿಗೆ ಬಂದದ್ದು ಇಷ್ಟೇ, ಲೇಸು ಬಿಚ್ಚಿದೆ, ಕಟ್ಕೊಳ್ಳಿ, ಬೀಳ್ತೀರಿ. ಅವರು ನಕ್ಕರು, ಕುರ್ಚಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಲೇಸು ಕಟ್ಟುತ್ತಿದ್ದಾರೆ, ತಲೆಯಲ್ಲಿ ಅಲ್ಲಲ್ಲಿ ನರೆ, ನನಗೂ ಇದೆ, ಗಂಟು ಹಾಕಿ ಮುಖ ಮೇಲೆತ್ತಿದರು, ನನ್ನ ಭುಜದ ಪಕ್ಕಕ್ಕೆ, ಪರದೆಯ ಆ ಮನೆಯನ್ನೇ ನೋಡುತ್ತಿದ್ದಾರೆ, ನಾನೂ ನೋಡುತ್ತಿದ್ದೇನೆ, ಮುಗಿಸಿಬಿಡಮ್ಮ ಅಂದಿದ್ದರು ಮೇಲಿನವರು, ಆಮೇಲೆ ಮುಗಿಸಿದರಾಯಿತು, ಇನ್ನೊಂದು ಸಲ, ಬೇಕೆಂದೇ, ಸ್ವಲ್ಪ ಎದ್ದೆ, ಧೊಪ್ಪನೆ ಕೂತೆ — ಕಪ್ಪು ಗಾಜು, ಗಾಜಿನಲ್ಲಿ ಮುಖ, ಎರಡು, ಎರಡು ಮುಖ