ಸೀಟಿನ ಮೇಲಿನ ಕರ್ಚೀಫು

ಸೈನ್ಯದಿಂದ ನಿವೃತ್ತರಾಗಿ ಹುಲಿಯೂರುದುರ್ಗಕ್ಕೆ ಬಂದ ಮೇಲೆ ನಮ್ಮ ಯಜಮಾನರು ನಾಗೇಶ್ ಅವರಿಗೆ ಮೂಗಿನ ತುದಿಯಲ್ಲೇ ಕೋಪ. ರೇಷನ್ ಅಂಗಡಿಯಲ್ಲಿ ಸಾಲು ತಪ್ಪಿಸಿದವನ ಕಾಲರ್ ಹಿಡಿದರು. ಅದನ್ನು ನೋಡಿ ನಕ್ಕವನ ಕೆನ್ನೆಗೂ ಬಾರಿಸಿದರು. ಇನ್ನೊಂದು ಸಲ ಕೈ ಎತ್ತಿದರೆ ಕೇಸು ಎಂದು ಪೊಲೀಸರು ಹೇಳಿ ಕಳಿಸಿದ್ದರು. ಕೇಸು ಬಿದ್ದರೆ ಅರ್ಜಿ ಹಾಕಿದ್ದ ಸೆಕ್ಯುರಿಟಿ ಕೆಲಸಕ್ಕೂ ಎಳ್ಳುನೀರು.

ತುಮಕೂರಿನಲ್ಲಿ ಆ ಕೆಲಸದ ಇಂಟರ್‌ವ್ಯೂ ಇದ್ದ ದಿನ ನಾನೂ ಜೊತೆಗೆ ಹೊರಟೆ. ಕಾವಲುಗಾರನಿಗೂ ಒಬ್ಬಳು ಕಾವಲು ಬೇಡವೇ?

ಕುಣಿಗಲ್‌ನಲ್ಲಿ ತುಮಕೂರು ಬಸ್ಸು ಬಂದದ್ದೇ ತಡ, ಒಬ್ಬ ಅಜ್ಜಿಯನ್ನೂ ತಳ್ಳಿಕೊಂಡು ಜನ ಮುಗಿಬಿದ್ದರು. ಇವರು ಬಾಗಿಲಿಗೆ ಅಡ್ಡ ನಿಂತು, "ಲೈನಲ್ಲಿ ಬನ್ನಿ! ಅಜ್ಜಿ ಮೊದ್ಲು!" ಎಂದು ಗುಡುಗಿದರು. ಜನ ಸಾಲಾಗಿ ನಿಂತೇಬಿಟ್ಟರು! ಆದರೆ ಲೈನು ನಂಬಿಕೊಂಡರೆ ನಮಗೆ ಸೀಟು ಸಿಕ್ಕ ಹಾಗೇ. ನಾನು ಮೆಲ್ಲಗೆ ಆ ಕಡೆ ಹೋಗಿ ಕಿಟಕಿಯೊಳಗೆ ಕರ್ಚೀಫು ಎಸೆದು ಬಂದೆ. ನಮ್ಮ ಕಡೆ ಕರ್ಚೀಫು ಬಿದ್ದ ಸೀಟು ರಿಸರ್ವ್ ಆದ ಹಾಗೆ.

ಒಳಗೆ ಹೋದರೆ, ಮೊದಲೇ ತುಂಬಿ ಬಂದಿದ್ದ ಬಸ್ಸಿನಲ್ಲಿ ಖಾಲಿ ಇದ್ದದ್ದು ಅದೊಂದೇ ಸೀಟು; ಅಜ್ಜಿ ಅದರ ಮುಂದೆಯೇ ಪಾಪ ನಿಂತಿದ್ದರು. ಇವರು ಕರ್ಚೀಫನ್ನು ಎತ್ತಿ ಹಿಡಿದು, ಅಜ್ಜಿಯನ್ನು ಕೂರಿಸಿ, "ಯಾವನ್ಲಾ ಇದು ಹಾಕ್ದೋನು? ಗಂಡಸಾದ್ರೆ ಮುಂದಕ್ ಬಾ!" ಎಂದರು.

ಹಿಂದಿನ ಸೀಟಿನಿಂದ ದಪ್ಪ ಮೀಸೆಯವನೊಬ್ಬ ಎದ್ದ. "ಏನ್ಲಾ, ಬಸ್ಸು ನಿಮ್ಮಪ್ಪಂದಾ?"

ಇವರ ಮುಷ್ಟಿ ಬಿಗಿಯಾಯಿತು. ನಾನು ಮಧ್ಯೆ ನುಗ್ಗಿದೆ.

"ರೀ, ಅದು ಗಂಡಸರು ಹಾಕಿದ್ದಲ್ಲ. ನಾನು!"

ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. "ಸಾರ್, ಮನೆಯವ್ರೇ ಲೈನ್ ತಪ್ಸವ್ರೆ!" ಎಂದ ಕಂಡಕ್ಟರ್. ಇವರು ನನ್ನನ್ನೇ ದುರುಗುಟ್ಟಿ ನೋಡಿದರು. ಮುಷ್ಟಿ ಇನ್ನೂ ಸಡಿಲವಾಗಿರಲಿಲ್ಲ.

"ನಿಮ್ ಮೊಣಕಾಲು ನೋಯ್ತದಲ್ಲಾ ಅಂತ ಹಾಕ್ದೆ ಕಣ್ರೀ. ಇಂಟರ್‌ವ್ಯೂಗೆ ಕುಂಟ್ಕೊಂಡು ಹೋಗ್ಬಾರ್ದು ಅಂತ."

ಅವರು ಕರ್ಚೀಫು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು! ಊರಿಗೆ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನನಗೆ ಅಳುವೇ ಬಂತು. ಮೀಸೆಯವನೂ ನಗುತ್ತಾ, "ಬನ್ನಿ ಸಾರ್, ಅಡ್ಜಸ್ಟ್ ಮಾಡ್ಕೊಳ್ಳೋಣ" ಎಂದು ಸರಿದು ಜಾಗ ಕೊಟ್ಟ.

ಕೆಲಸ ಸಿಕ್ಕಿತು. ಸಂಜೆ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸು ಬಂತು. ಜನ ನುಗ್ಗಿದರು. ಇವರೆಲ್ಲಿ ಮತ್ತೆ ಗುಡುಗುತ್ತಾರೋ ಎಂದು ನಾನು ತೋಳು ಹಿಡಿದುಕೊಂಡೆ.

ಇವರು ನನ್ನ ಮುಂದೆ ಕೈ ಚಾಚಿದರು. "ಕರ್ಚೀಫ್ ಕೊಡೇ, ಬೇಗ. ನಾನೇ ಎಸೀತೀನಿ."