ಅಡ್ಡಗಾಳಿ

ದೆಸಾಂಕಾಳ ಮನೆಯ ಕಿಟಕಿಗಳನ್ನು ಕಿತ್ತ ದಿನವೇ ವ್ಲಾಸಿನಾ ಗುಡ್ಡದ ಮೇಲೆ ಮೊದಲ ಗಟ್ಟಿ ಹಿಮ ಬಿತ್ತು. ಕಿತ್ತವನು ಗಂಡನ ಅಣ್ಣ, ಭಾವ ಮಿಲಾದಿನ್. ಅಣ್ಣತಮ್ಮಂದಿರು ನಡುವೆ ಗೋಡೆ ಎತ್ತಿ ಹಂಚಿಕೊಂಡ ಮನೆ ಅದು. ತಮ್ಮ ಸತ್ತ ಮೇಲೆ ಅವನ ಪಾಲಿನಲ್ಲಿ ದೆಸಾಂಕಾ ಒಬ್ಬಳೇ ಇದ್ದಳು. ಭಾವ ಅವಳತ್ತ ತಿರುಗಿ ಮಾತಾಡಿದ್ದೇ ಅಪರೂಪ. ಅಂಥವನು ಅಂಗಳ ಸುತ್ತಿ ಬಂದು, "ಈ ಹಳೇ ಮರದ ಕಿಟಕಿ ಇನ್ನೂ ಯಾಕಮ್ಮಾ? ನಮ್ಮ ಕಡೆ ಹಾಕ್ಸಿರೋ ಪ್ಲಾಸ್ಟಿಕ್ ಕಿಟಕೀನೇ ನಿಂಗೂ ಹಾಕಿಸ್ತೀನಿ. ತಮ್ಮನ ಹೆಸರಲ್ಲಿ ಅಂದ್ಕೊ," ಎಂದಾಗ ಅವಳು ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಿದ್ದಳು.

ಹಳೆಯವು ಎರಡು ಪದರದ ಕಿಟಕಿಗಳು. ಪ್ರತಿ ಚಳಿಗಾಲಕ್ಕೂ ಪದರಗಳ ನಡುವೆ ಅವಳು ಹತ್ತಿ ತುಂಬುತ್ತಿದ್ದಳು. ಮಿಲಾದಿನ್ ಅವನ್ನು ಅವಳೆದುರೇ ಕೊಡಲಿಯಿಂದ ಸೀಳಿ ಸಂಜೆಯೊಳಗೆ ತನ್ನ ಒಲೆಗೆ ಹಾಕಿಕೊಂಡ. ಮರುದಿನ ಬಂದು ತಲೆ ಕೆರೆದುಕೊಂಡ.

"ಅಳತೆ ತಪ್ಪೋಗಿದೆ ಕಣಮ್ಮಾ. ಬೇರೆ ಬರೋದು ಇನ್ನು ವಸಂತಕ್ಕೇ. ಅಲ್ಲೀತನಕ ಪಟ್ಟಣದಲ್ಲಿ ನಿಮ್ಮಕ್ಕನ ಮನೇಲಿ ಬೆಚ್ಚಗಿರು."

ಆಗ ಅವಳಿಗೆ ಅರ್ಥವಾಯಿತು. ಒಂದು ಚಳಿಗಾಲ ಹೊಗೆ ಕಾಣದ ಮನೆಗೆ ಯಜಮಾನರಿಲ್ಲ ಎನ್ನುವುದು ಆ ಊರಿನ ಮಾತು. ಹೋದರೆ, ಬರುವಷ್ಟರಲ್ಲಿ ಬೀಗ ಬದಲಾಗಿರುತ್ತದೆ.

ಅವಳು ಹೋಗಲಿಲ್ಲ. ಕಿಟಕಿ ಕಿತ್ತ ಕಂಡಿಗಳಿಗೆ ಮೊಳೆ ಹೊಡೆದು ಕಂಬಳಿ ಬಡಿದಳು, ಜಮಖಾನೆ ಬಡಿದಳು, ಗಂಡನ ಕೋಟನ್ನೂ ಹರಡಿ ಬಡಿದಳು. ಬೆಳಗಾದರೆ ಹಾಸಿಗೆಯ ಕಾಲ ಬಳಿ ಹಿಮದ ಪುಡಿ ಇರುತ್ತಿತ್ತು. ಓರಗಿತ್ತಿ ಕೊಸಾರಾ ತಮ್ಮೆರಡು ಪಾಲಿನ ನಡುವಿನ ಬಾಗಿಲ ಸಂದಿಗೆ ಚಿಂದಿ ತುರುಕಿ ಭದ್ರ ಮಾಡಿಕೊಂಡಳು. ಆ ಊರಿನವರು ತೋಳಕ್ಕಾದರೂ ಎದುರು ನಿಂತಾರು. ಎರಡು ಕಡೆಯಿಂದ ನುಗ್ಗುವ ಅಡ್ಡಗಾಳಿ ಎಂದರೆ ಮಾತ್ರ ಜೀವ ಬಾಯಿಗೆ ಬರುತ್ತದೆ.

"ಏನ್ ದೆಸಾಂಕಾ, ಮನೆ ಒಳಗೇ ಹಿಮ ಗುಡಿಸ್ತಿದೀಯಂತೆ?" ಎಂದಳು ಕೊಸಾರಾ ಅಂಗಳದಲ್ಲಿ. "ಪೊರಕೆ ಬೇಕಾದ್ರೆ ಕೇಳು."

"ಇಟ್ಕೊಳಿ ಅಕ್ಕ. ನಿಮ್ಗೇ ಬೇಕಾಗುತ್ತೆ."

ಒಂದು ದಿನ ಮೇಕೆಗೆ ಹುಲ್ಲು ತರಲು ಎರಡೂ ಪಾಲಿಗೆ ಸೇರಿದ ಕೊಟ್ಟಿಗೆಗೆ ಹೋದಾಗ ಅವಳ ಕೈಗೆ ಹುಲ್ಲಿನ ಹಿಂದೆ ಏನೋ ನುಣ್ಣಗೆ ತಗುಲಿತು. ಹಾಳೆ ಸುತ್ತಿಟ್ಟ ಹೊಸ ಕಿಟಕಿಗಳು. ಅಡುಗೆಮನೆಯ ಕಿರುಕಿಟಕಿಯನ್ನು ಎಳೆದು ಮೊಳ ಹಾಕಿ, ತನ್ನ ಗೋಡೆಯ ಕಂಡಿಗೆ ಹೋಲಿಸಿ ನೋಡಿದಳು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಊರೆಲ್ಲ ಕೇಳುವಂತೆ ಕೂಗಬಹುದಿತ್ತು. ಕೂಗಿದರೆ ಅವನು ಈಗ ತಾನೇ ಬಂತು ಎನ್ನುತ್ತಾನೆ. ಹುಲ್ಲನ್ನು ಇದ್ದ ಹಾಗೆಯೇ ಮುಚ್ಚಿ, ಮೇಕೆಗೆ ಮೇವು ಹಾಕಿ, ಸುಮ್ಮನೆ ಬಂದಳು.

ಆ ಮನೆತನದ ಮನೆದೇವರು ಸಂತ ನಿಕೋಲ. ಅವನ ಹಬ್ಬ ಹಿರಿಯವನ ಪಾಲಿನಲ್ಲಿ ನಡೆಯುತ್ತದೆ. ಆ ದಿನ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಕಳಿಸುವ ಹಾಗೂ ಇಲ್ಲ. ಯಜಮಾನ ಕೂರದೆ, ನಿಂತೇ ಬಡಿಸಬೇಕು. ಮೇಜಿನ ನಡುವೆ ಜೇನುಮೇಣದ ದೊಡ್ಡ ಬತ್ತಿ ಉರಿಯುತ್ತದೆ. ಸಂಜೆ ಯಜಮಾನನೇ ಅದನ್ನು ವೈನಿನ ಹನಿಯಿಂದ ಆರಿಸಬೇಕು. ಅದಕ್ಕೆ ಮೊದಲೇ ಆರಿದರೆ ಯಜಮಾನ ಮುಂದಿನ ಹಬ್ಬ ಕಾಣುವುದಿಲ್ಲ ಎಂದು ನಂಬಿಕೆ.

ಹಬ್ಬದ ದಿನ ದೆಸಾಂಕಾ ಬೆಳಿಗ್ಗೆ ತಲೆ ಬಾಚಿ, ಒಳ್ಳೆಯ ಉಡುಪು ಹಾಕಿಕೊಂಡಳು. ಆಮೇಲೆ ಕಂಡಿಗಳಿಗೆ ಬಡಿದಿದ್ದ ಕಂಬಳಿಗಳನ್ನು ಒಂದೊಂದಾಗಿ ಇಳಿಸಿ, ಮಡಿಸಿ, ಮಂಚದ ಮೇಲಿಟ್ಟಳು. ಗಂಡನ ಕೋಟನ್ನು ತೊಟ್ಟುಕೊಂಡಳು. ಉತ್ತರದ ಗಾಳಿ ತವರುಮನೆಗೆ ಬಂದಂತೆ ಒಳಬಂದಿತು. ಗೋಡೆಯಾಚೆ ಜನ ತುಂಬುವವರೆಗೂ, ಲೋಟಗಳ ಸದ್ದು, ನಗು ಕೇಳುವವರೆಗೂ ಅವಳು ನಡುಬಾಗಿಲ ಎದುರು ಕುಳಿತೇ ಇದ್ದಳು. ಬಾಗಿಲ ಅಗುಳಿ ಇದ್ದದ್ದು ಅವಳ ಕಡೆ.

ಆಚೆ ಹೊಸ ನೆಂಟರು ಬಂದರೆಂದು ಯಾರೋ ಹೊರಬಾಗಿಲು ತೆರೆದರು. ಅದೇ ಹೊತ್ತಿಗೆ ದೆಸಾಂಕಾ ಅಗುಳಿ ತೆಗೆದು ಭುಜ ಕೊಟ್ಟು ನೂಕಿದಳು. ಚಿಂದಿ ಹೊಸ್ತಿಲ ಎರಡೂ ಕಡೆ ಉದುರಿತು. ಗಾಳಿ ಅವಳಿಗಿಂತ ಮುಂಚೆ ಒಳನುಗ್ಗಿ ಮೇಜುಬಟ್ಟೆ ಎಬ್ಬಿಸಿ ಬತ್ತಿಯನ್ನು ಒಂದೇ ಉಸಿರಿಗೆ ಆರಿಸಿತು.

ಬತ್ತಿಯ ಹೊಗೆ ಮಿಲಾದಿನನ ಕಡೆಗೇ ಹೋಯಿತು. ಅವನು ಹೂಜಿ ಕೆಳಗಿಟ್ಟು ಬೆಂಕಿಕಡ್ಡಿಗೆ ತಡಕಾಡಿದ.

"ಹಬ್ಬ ಒಳ್ಳೇದಾಗ್ಲಿ ಭಾವ," ಎಂದಳು ದೆಸಾಂಕಾ. "ನಮ್ಮನೆ ಗಾಳೀನೂ ಜೊತೇಲೇ ಬಂದ್ಬಿಡ್ತು. ಅದಕ್ಕೆ ಅಲ್ಲಿ ಕಿಟಕಿ ಇಲ್ವಲ್ಲ."

ಪಕ್ಕದ ಮನೆಯ ಮುದುಕಿ ಸ್ತಾನಿಕಾ ಬಾಗಿಲಾಚೆ ಇಣುಕಿ ಶಿಲುಬೆಗುರುತು ಹಾಕಿಕೊಂಡಳು. "ತಮ್ಮನ ಹೆಂಡ್ತೀನ ಹಿಮದಲ್ಲಿ ಮಲಗ್ಸಿ ದೀಪ ಹಚ್ತೀಯಲ್ಲೋ," ಎಂದು ಲೋಟವನ್ನು ಬೋರಲು ಹಾಕಿ ಎದ್ದಳು. ಉಳಿದವರು ಟೋಪಿ ಹುಡುಕತೊಡಗಿದರು. ದೆಸಾಂಕಾ ಮಾತ್ರ ಕುಳಿತು, ಹಬ್ಬಕ್ಕೆಂದು ಬೇಯಿಸಿದ ಸಿಹಿ ಗೋಧಿಯನ್ನು ಚಮಚದಲ್ಲಿ ತೆಗೆದುಕೊಂಡು ನಿಧಾನವಾಗಿ ಅಗಿದಳು.

ಮರುದಿನ ಬೆಳಕು ಹರಿಯುವ ಮೊದಲೇ ಮಿಲಾದಿನ್ ಕಿಟಕಿಗಳನ್ನು ಬೆನ್ನ ಮೇಲೆ ಹೊತ್ತು ತಂದ. ಕೆಲಸದವನಿಗೂ ಕಾಯಲಿಲ್ಲ.

"ಅಳತೆ ಸರಿಹೋಯ್ತಾ ಭಾವ?"

ಅವನು ಮೊಳೆ ಹೊಡೆದ, ಸಂದಿಗೆ ಡಬ್ಬಿಯಿಂದ ಗಟ್ಟಿಯಾಗುವ ನೊರೆ ತುಂಬಿದ. ಅಂಗಿ ಬೆವರಿಗೆ ಬೆನ್ನಿಗಂಟಿತು. ಹಿಂದೆ ಬಾಗಿಲು ಹಾರುಹೊಡೆದಿತ್ತು.

"ಬಾಗ್ಲು ಹಾಕಮ್ಮಾ. ಬೆನ್ನಿಗೆ ಬಡೀತಿದೆ."

"ಹೆಪ್ಪುಗಟ್ಟಿ ಕೂತಿದೆ ಭಾವ. ಇನ್ನು ವಸಂತಕ್ಕೇ ಸರಿಹೋಗೋದು."

ಕೊನೆಯ ಕಿಟಕಿ ಕೂತು ಅವನು ಹೋದ ಮೇಲೆ ಅವಳು ಬಾಗಿಲು ಎಳೆದಳು. ಅದು ಸಲೀಸಾಗಿ ಮುಚ್ಚಿಕೊಂಡಿತು. ಒಲೆ ಹೊತ್ತಿಸಿದಳು. ಎಷ್ಟೋ ದಿನಗಳ ಮೇಲೆ ಕಾಲ್ಬೆರಳಿಗೆ ರಕ್ತ ಬಂದು ಉರಿಯಿತು.

ಆ ವಾರವೇ ಗೋಡೆಯಾಚೆ ಕೆಮ್ಮು ಶುರುವಾಯಿತು. ಬೆನ್ನಿಗೆ ರಾಕಿಯಾ ಎಂಬ ಹಣ್ಣಿನ ಮದ್ಯ ಉಜ್ಜಿ, ಬಿಸಿ ಲೋಟ ಕವುಚಿ ಶೀತ ಇಳಿಸುವುದರಲ್ಲಿ ದೆಸಾಂಕಾಳ ಕೈಗೆ ಊರಲ್ಲೇ ಸಾಟಿಯಿರಲಿಲ್ಲ.

ಕೊಸಾರಾ ನಡುಬಾಗಿಲು ಬಡಿದಳು. "ದೆಸಾಂಕಾ, ಒಂದ್ಸಲ ಬಾರೆ. ಉಸ್ರೇ ಸಿಗ್ತಿಲ್ಲ ಅವ್ರಿಗೆ. ನಿನ್ನ ಕೈ ಮುಟ್ಟಿದ್ರೆ ಸಾಕು ಅಂತಿದಾರೆ."

ದೆಸಾಂಕಾ ಎದ್ದು ಬಾಗಿಲವರೆಗೂ ಹೋದಳು. ಅಗುಳಿ ಮುಟ್ಟಿ ನೋಡಿದಳು. ಆಮೇಲೆ ಹಬ್ಬದ ದಿನ ತನ್ನ ಕಡೆ ಉದುರಿದ್ದ ಚಿಂದಿಗಳನ್ನು ಆರಿಸಿಕೊಂಡು, ಮೊಣಕಾಲೂರಿ, ತನ್ನ ಕಡೆಯಿಂದ ಸಂದಿಗೆ ತುರುಕತೊಡಗಿದಳು.